ಅರ್ಧಕ್ಕೆ ನಿಂತ ಪಲ್ಟಿ ನೇಗಿಲು: ಜಗಳೂರು ಸೀಮೆಯ ಒಂದು ಹೈಡ್ರಾಲಿಕ್ ಪ್ರಕರಣ

ದಾವಣಗೆರೆಯಲ್ಲಿ ನನ್ನದೊಂದು ಹೈಡ್ರಾಲಿಕ್ ರಿಪೇರಿ ಅಂಗಡಿ ಇದೆ. ಹೋಸ್ ಕತ್ತರಿಸಿ, ತುದಿಗೆ ಫಿಟ್ಟಿಂಗ್ ಹಾಕಿ ಕ್ರಿಂಪ್ ಮಾಡಿಕೊಡುವುದು (ಯಂತ್ರದಲ್ಲಿ ಒತ್ತಿ ಬಿಗಿಯುವುದು) ಮುಖ್ಯ ಕೆಲಸ. ಜಾಕ್‌ಗಳಿಗೆ, ಅಂದರೆ ಎಣ್ಣೆಯ ಒತ್ತಡದಿಂದ ಚಾಚಿ ಎಳೆಯುವ ಸಿಲಿಂಡರ್‌ಗಳಿಗೆ, ಸೀಲ್ ಹಾಕುವುದೂ ಉಂಟು. ಬೇಸಿಗೆ ಬಂತೆಂದರೆ ಟ್ರ್ಯಾಕ್ಟರ್‌ನವರೇ ಜಾಸ್ತಿ. ಯುಗಾದಿ ಕಳೆದು ಒಂದು ಹದ ಮಳೆ ಬಿದ್ದರೆ ಸಾಕು, ಮೆಕ್ಕೆಜೋಳದ ಹೊಲಗಳಲ್ಲಿ ಆಳದ ಉಳುಮೆ ಶುರುವಾಗುತ್ತದೆ. ಮಾರನೇ ಬೆಳಗ್ಗೆ ಒಡೆದ ಹೋಸ್ ಹೆಗಲಿಗೆ ಹಾಕಿಕೊಂಡು ಜನ ಬಾಗಿಲಲ್ಲಿ ನಿಂತಿರುತ್ತಾರೆ.

ಇದು ಅಂಥ ಒಂದು ಹೋಸ್‌ನ ವಿಷಯ. ಹೋಸ್ ಕೇಳಿದರು, ಹೋಸ್ ಮಾಡಿಕೊಟ್ಟೆ. ಯಾಕೆ ಒಡೆಯಿತು ಎಂದು ಕೇಳಲಿಲ್ಲ. ಕೇಳಿದ್ದರೆ ಆ ಮನೆಯವರಿಗೆ ಮೂರು ದಿನದ ಉಳುಮೆ ಉಳಿಯುತ್ತಿತ್ತು, ಒಂದು ಜಾಕ್ ಉಳಿಯುತ್ತಿತ್ತು. ಒಬ್ಬ ಹುಡುಗನ ಕೈ ಅಷ್ಟು ದೊಡ್ಡ ಅಪಾಯದ ಹತ್ತಿರ ಹೋಗುತ್ತಲೂ ಇರಲಿಲ್ಲ. ಅದಕ್ಕೇ ನಡೆದದ್ದನ್ನು ಮೊದಲಿನಿಂದ ಬರೆದಿಡುತ್ತಿದ್ದೇನೆ.

ನೇಗಿಲು ತಿರುಗುವ ಬಗೆ

ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಯಜಮಾನರಿಗೆ ಹದಿನಾಲ್ಕು ಎಕರೆ. ಅರ್ಧ ಎರೆ, ಅರ್ಧ ಮಸಾರಿ. 50 ಎಚ್‌ಪಿ ಆಸುಪಾಸಿನ ಟ್ರ್ಯಾಕ್ಟರ್, ಅದರ ಹಿಂದೆ ಎರಡು ಫಾಳದ ಹೈಡ್ರಾಲಿಕ್ ರಿವರ್ಸಿಬಲ್ ನೇಗಿಲು. ನಮ್ಮ ಕಡೆ ಇದಕ್ಕೆ ಪಲ್ಟಿ ನೇಗಿಲು ಅನ್ನುತ್ತಾರೆ. ಸ್ವಂತ ಹೊಲ ಮುಗಿದ ಮೇಲೆ ಊರವರಿಗೂ ಗಂಟೆ ಲೆಕ್ಕದಲ್ಲಿ ಉಳುತ್ತಾರೆ. ಓಡಿಸುವವನು ಯಜಮಾನರ ಅಕ್ಕನ ಮಗ. ಇಪ್ಪತ್ತೆರಡು ವರ್ಷದ ಹುಡುಗ, ಕೆಲಸದಲ್ಲಿ ಚುರುಕು.

ಈ ನೇಗಿಲಿಗೆ ಮೇಲೊಂದು ಜೊತೆ, ಕೆಳಗೊಂದು ಜೊತೆ ಫಾಳ ಇರುತ್ತದೆ. ಸಾಲಿನ ಕೊನೆಗೆ ಬಂದಾಗ ಲಿಫ್ಟ್ ಎತ್ತಿ ಲಿವರ್ ಹಾಕಿದರೆ ಇಡೀ ಚೌಕಟ್ಟು ಮಗುಚಿಕೊಳ್ಳುತ್ತದೆ. ಹೋದ ಸಾಲಿನ ಪಕ್ಕದಲ್ಲೇ ವಾಪಸ್ ಉಳುತ್ತಾ ಬರಬಹುದು. ಮಣ್ಣು ಎರಡು ಸಲವೂ ಒಂದೇ ಕಡೆಗೆ ಬೀಳುತ್ತದೆ, ಹೊಲದ ನಡುವೆ ದಿಬ್ಬವೂ ಇಲ್ಲ, ಕಾಲುವೆಯೂ ಇಲ್ಲ.

ಮಗುಚುವ ಕೆಲಸ ಒಂದು ಡಬಲ್ ಆಕ್ಟಿಂಗ್ ಜಾಕ್‌ನದು. ಅದರೊಳಗೆ ಒಂದು ಪಿಸ್ಟನ್, ಪಿಸ್ಟನ್‌ಗೆ ಕೂಡಿದ ರಾಡ್ ಒಂದು ಕಡೆಯಿಂದ ಹೊರಗೆ ಬಂದಿರುತ್ತದೆ. ಅದಕ್ಕೆ ಎರಡು ಹೋಸ್, ಒಂದು ರಾಡ್ ಕಡೆಗೆ, ಇನ್ನೊಂದು ಪಿಸ್ಟನ್ ಕಡೆಗೆ. ಒಂದರಲ್ಲಿ ಎಣ್ಣೆ ಒಳಗೆ ಹೋದರೆ ಇನ್ನೊಂದರಲ್ಲಿ ಹೊರಗೆ ಬರಬೇಕು. ಮೊದಲು ಜಾಕ್ ಒಳಕ್ಕೆ ಎಳೆದುಕೊಂಡು ಚೌಕಟ್ಟನ್ನು ಮಧ್ಯಕ್ಕೆ ತರುತ್ತದೆ. ಆಗ ಫಾಳಗಳು ಎರಡೂ ಬದಿಗೆ ರೆಕ್ಕೆ ಚಾಚಿದ ಹಾಗೆ ಅಡ್ಡ ನಿಲ್ಲುತ್ತವೆ. ಆಮೇಲೆ ಜಾಕ್ ಹೊರಕ್ಕೆ ಚಾಚಿ ಆ ಕಡೆಗೆ ಮಲಗಿಸುತ್ತದೆ. ಮೊದಲು ಎಳೆತ, ಆಮೇಲೆ ತಳ್ಳುವಿಕೆ. ಮುಂದೆ ಬರುವ ಎಲ್ಲದಕ್ಕೂ ಇದೇ ಕೀಲಿ.

ಮೊದಲ ಸಲ

ಏಪ್ರಿಲ್ ಕೊನೆ. ಅಶ್ವಿನಿ ಮಳೆ ಒಂದು ಹದ ಬಿದ್ದು ಎರಡು ದಿನ ಆಗಿತ್ತು. ತಿಪ್ಪೆ ಗೊಬ್ಬರ ಹೊಡೆಯಬೇಕೆಂದು ಹುಡುಗ ನೇಗಿಲನ್ನು ಬದುವಿನ ಮೇಲೆ ಬಿಟ್ಟು ಟ್ರ್ಯಾಕ್ಟರ್‌ಗೆ ಟಿಪ್ಪಿಂಗ್ ಟ್ರೇಲರ್ ಕಟ್ಟಿದ್ದ. ನೇಗಿಲು ಬಿಚ್ಚುವಾಗ ಎಂಜಿನ್ ಆಫ್ ಮಾಡಿದ, ಎರಡೂ ಹೋಸ್ ಎಳೆದು ತೆಗೆದ, ನೇಗಿಲಿನ ಮೇಲೆ ಸುತ್ತಿಟ್ಟ. ಲಿವರ್ ಮುಟ್ಟಲಿಲ್ಲ. ಹೋಸ್ ತುದಿಯನ್ನು ಟ್ರ್ಯಾಕ್ಟರ್‌ಗೆ ಸಿಕ್ಕಿಸುವ ಕೊಂಡಿಗೆ ಕಪ್ಲಿಂಗ್ ಅನ್ನುತ್ತೇವೆ. ಆ ಕಪ್ಲಿಂಗ್‌ನ ರಬ್ಬರ್ ಟೋಪಿಗಳು ಎಂದೋ ಹರಿದುಹೋಗಿದ್ದವು.

ಎರಡು ದಿನ ಬಿಟ್ಟು ಮಧ್ಯಾಹ್ನ ಮತ್ತೆ ನೇಗಿಲು ಕಟ್ಟಲು ಹೋದಾಗ ಒಂದು ಹೋಸ್ ಒಳಗೆ ಹೋಯಿತು, ಇನ್ನೊಂದು ಹೋಗಲೇ ಇಲ್ಲ. ಎರಡು ಕೈಯಲ್ಲಿ ಒತ್ತಿದ, ಮೊಣಕಾಲು ಕೊಟ್ಟು ಒತ್ತಿದ. ಕೊನೆಗೆ ಏನೋ ಮಾಡಿ ಸಿಕ್ಕಿಸಿದ. ಕ್ಲಿಕ್ ಎಂದಿತು. ಏನು ಮಾಡಿದ ಎನ್ನುವುದು ನನಗೆ ಗೊತ್ತಾಗಿದ್ದು ಮರುದಿನ ಸಂಜೆ.

ಸಾಲಿನ ಕೊನೆಯಲ್ಲಿ ಲಿವರ್ ಹಾಕಿದ. ನೇಗಿಲು ಮಧ್ಯಕ್ಕೆ ಬಂದು ಅಡ್ಡ ನಿಂತಿತು, ಮುಂದೆ ಮಗುಚಲಿಲ್ಲ. ಲಿವರ್ ಹಿಂದೆ ಮುಂದೆ ಮಾಡಿದ. ರೇಸ್ ಕೊಟ್ಟು ಲಿವರ್ ಹಿಡಿದೇ ಇದ್ದ. ಒಂದು ಹೋಸ್ ಫಿಟ್ಟಿಂಗ್ ಬುಡದಲ್ಲೇ ಪಟಾರೆಂದು ಒಡೆಯಿತು. ಅದೇ ಗಳಿಗೆಗೆ ನೇಗಿಲು ದಢಾರನೆ ಆ ಕಡೆಗೆ ಮಗುಚಿ ಬಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ, ಪುಣ್ಯ.

ಒಡೆದ ಕೂಡಲೇ ತಿರುಗಿತು ಅನ್ನುವ ಆ ಒಂದು ಸಂಗತಿ ಎಲ್ಲರ ದಾರಿ ತಪ್ಪಿಸಿತು. ಹೋಸ್ ಒಳಗೇ ಕಟ್ಟಿಕೊಂಡಿತ್ತು, ಒಡೆದ ಮೇಲೆ ದಾರಿಯಾಯಿತು ಎಂದು ಅವರು ಅಂದುಕೊಂಡರು. ಯಾರಿಗಾದರೂ ಹಾಗೇ ಅನ್ನಿಸುತ್ತದೆ ಅಲ್ವಾ?

ನನ್ನ ಅಂಗಡಿಯಲ್ಲಿ

ಮರುದಿನ ಯಜಮಾನರೇ ಹೋಸ್ ತಂದರು. "ಮೇಸ್ತ್ರಿ, ಇದರ ಒಳಗೆ ರಬ್ಬರ್ ಬಿಚ್ಕೊಂಡೈತೆ. ಗಟ್ಟಿ ಹೋಸ್ ಹಾಕಿ ಕೊಡ್ರಿ, ಹದ ಹೋಗ್ತೈತೆ" ಎಂದರು.

ಹೋಸ್ ಮೇಲಿನ ಬರಹ ಓದಿದೆ. ಅರ್ಧ ಇಂಚಿನ 1ಎಸ್‌ಎನ್. ಅಂದರೆ ಒಳಗೆ ಒಂದೇ ಪದರ ತಂತಿ ಹೆಣಿಗೆ, ಕೆಲಸದ ಒತ್ತಡ 160 ಬಾರ್ (ಬಾರ್ ಅಂದರೆ ಒತ್ತಡದ ಅಳತೆ). ಅವರ ಟ್ರ್ಯಾಕ್ಟರ್‌ನ ಹೈಡ್ರಾಲಿಕ್ ರಿಲೀಫ್ ವಾಲ್ವ್, ಅಂದರೆ ಒತ್ತಡ ಮಿತಿ ಮೀರದಂತೆ ಎಣ್ಣೆ ಬಿಟ್ಟುಕೊಡುವ ವಾಲ್ವ್, 180 ಬಾರ್‌ಗೆ ಕೂರಿಸಿದ್ದು. ಹಿಂದೆ ಯಾರೋ ಬದಲಿಸುವಾಗ ಕಡಿಮೆ ತಾಕತ್ತಿನದು ಹಾಕಿದ್ದಾರೆ, ಬಿಸಿಲಿಗೆ ಮೂರು ವರ್ಷ ಬಿದ್ದಿದೆ, ಬುಡದಲ್ಲಿ ಬಾಗಿ ಬಾಗಿ ತಂತಿ ಕಡಿದಿದೆ. ಕಾರಣ ಸಿಕ್ಕಿತು ಎಂದುಕೊಂಡೆ. ಎರಡು ಪದರದ 2ಎಸ್‌ಎನ್ ತೆಗೆದು ಕ್ರಿಂಪ್ ಮಾಡಿದೆ. ಅದೇ ಅಳತೆಯಲ್ಲಿ ಅದರ ಕೆಲಸದ ಒತ್ತಡ 275 ಬಾರ್. ಹಳೇ ಹೋಸ್‌ನ ತುದಿಯಲ್ಲಿದ್ದ ಗಂಡು ಕಪ್ಲಿಂಗ್ (ಟ್ರ್ಯಾಕ್ಟರ್ ಕಡೆಯ ಹೆಣ್ಣು ಕಪ್ಲಿಂಗ್ ಒಳಗೆ ಹೋಗುವಂಥದ್ದು) ಬಿಚ್ಚಿ, ಒರೆಸಿ, ಹೊಸದಕ್ಕೆ ಹಾಕಿಕೊಟ್ಟೆ.

ಆ ಕಪ್ಲಿಂಗ್ ನನ್ನ ಕೈಯಲ್ಲೇ ಇತ್ತು. ಅದರ ಬಾಯಿಯೊಳಗೆ ಒಂದು ಸಲ ಟಾರ್ಚ್ ಬಿಟ್ಟು ನೋಡಲಿಲ್ಲ. ಹಳೇ ಹೋಸ್‌ನಲ್ಲಿ ಗಾಳಿ ಬಿಟ್ಟು ನೋಡಿದ್ದೆ, ಸಲೀಸಾಗಿ ಹೋಗಿತ್ತು. ಒಳಗೆ ಕಟ್ಟಿಕೊಂಡಿರಲಿಲ್ಲ ಎನ್ನುವುದು ಅಲ್ಲಿಗೇ ಸಾಬೀತಾಗಿತ್ತು. ಹಾಗಾದರೆ ನೇಗಿಲು ಅರ್ಧಕ್ಕೆ ನಿಂತದ್ದೇಕೆ ಎಂಬ ಪ್ರಶ್ನೆ ಆಗಲೇ ಏಳಬೇಕಿತ್ತು. ಬಾಗಿಲಲ್ಲಿ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ನಾನು ಮುಂದಿನ ಹೋಸ್ ಕೈಗೆತ್ತಿಕೊಂಡೆ.

ಫೋನಿನಲ್ಲಿ ಬಂದ ಮಾತು

ಸಂಜೆ ನಾಲ್ಕರ ಹೊತ್ತಿಗೆ ಫೋನ್. "ಮೇಸ್ತ್ರಿ, ಮತ್ತೆ ಅಡ್ಡ ನಿಂತೈತೆ. ಈ ಸಲ ಜಾಕ್ ಬಾಯಲ್ಲಿ ಎಣ್ಣೆ ಹೊಗೆ ಥರ ಹಾರ್ತಾ ಐತೆ. ಎಂಜಿನ್ ಬಂದ್ ಮಾಡಿಸೀನಿ. ಎಲ್ಲಿಂದ ಅಂತ ಹುಡುಗ ಕೈ ಹಾಕಿ ನೋಡ್ತಾನೆ."

ನಾನು ಅಂಗಡಿಯಲ್ಲಿ ನಿಂತಲ್ಲೇ ಕೂಗಿದೆ. "ಕೈ ಹಾಕಬೇಡ ಅನ್ರಿ! ದೂರ ನಿಲ್ಲಿಸ್ರಿ!"

ಈ ಮಾತನ್ನು ನಿಧಾನವಾಗಿ ಹೇಳಬೇಕು. ಹೈಡ್ರಾಲಿಕ್ ಒತ್ತಡದಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮವನ್ನು ಚುಚ್ಚಿ ಒಳಗೆ ಹೋಗುತ್ತದೆ. ಕೈಗವಸು ತಡೆಯುವುದಿಲ್ಲ. ಹೊರಗೆ ಕಾಣುವುದು ಒಂದು ಸಣ್ಣ ಚುಕ್ಕೆ ಮಾತ್ರ. ಮೊದಲಿಗೆ ನೋವೂ ಅಷ್ಟಿರುವುದಿಲ್ಲ, ಮುಳ್ಳು ಚುಚ್ಚಿದ ಹಾಗೆ. ಜನ ಬಟ್ಟೆ ಸುತ್ತಿಕೊಂಡು ಕೆಲಸ ಮುಂದುವರಿಸುತ್ತಾರೆ. ಆದರೆ ಒಳಗೆ ಎಣ್ಣೆ ನರ, ಸ್ನಾಯುಗಳ ಸಂದಿಯಲ್ಲಿ ಹರಡಿ ಮಾಂಸ ಸಾಯಲು ಶುರುವಾಗಿರುತ್ತದೆ. ಕೆಲವು ಗಂಟೆಯೊಳಗೆ ಆಪರೇಷನ್ ಆಗದಿದ್ದರೆ ಬೆರಳು, ಕೈ ಕಳೆದುಕೊಳ್ಳಬೇಕಾಗಬಹುದು. ಹಾಗೇನಾದರೂ ಆದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಲ್ಲಿ "ಗಾಯ ಆಗಿದೆ" ಅಂದರೆ ಸಾಲದು, "ಒತ್ತಡದ ಹೈಡ್ರಾಲಿಕ್ ಎಣ್ಣೆ ಚರ್ಮದೊಳಗೆ ಹೋಗಿದೆ" ಎಂದೇ ಬಾಯಿಬಿಟ್ಟು ಹೇಳಬೇಕು. ಸೋರಿಕೆ ಹುಡುಕಬೇಕಿದ್ದರೆ ಒಂದು ರಟ್ಟಿನ ತುಂಡನ್ನು ಉದ್ದನೆ ಕಡ್ಡಿಗೆ ಸಿಕ್ಕಿಸಿ ದೂರದಿಂದ ಹಿಡಿಯಬೇಕು. ರಟ್ಟಿನ ಮೇಲೆ ಎಣ್ಣೆಯ ಗೆರೆ ಬೀಳುತ್ತದೆ. ಕೈ ಮಾತ್ರ ಎಂದಿಗೂ ಹಾಕಬಾರದು.

ಎಂಜಿನ್ ನಿಂತ ಮಾತ್ರಕ್ಕೆ ಒತ್ತಡ ಹೋಯಿತು ಎಂದಲ್ಲ. ಬೀಗ ಹಾಕಿದ ಕೋಣೆಯಲ್ಲಿ ಸಿಕ್ಕಿಕೊಂಡ ಹಾಗೆ ಎಣ್ಣೆ ಜಾಕ್ ಒಳಗೆ ಇದ್ದೇ ಇರುತ್ತದೆ.

ಹೊಲದಲ್ಲಿ

ನಾನು ತಲುಪಿದಾಗ ಇನ್ನೂ ಒಂದೂವರೆ ಗಂಟೆ ಬೆಳಕಿತ್ತು. ನೇಗಿಲು ಲಿಫ್ಟ್ ಮೇಲೆ ತೂಗುತ್ತಾ ಅಡ್ಡ ನಿಂತಿತ್ತು. ಮುನ್ನೂರು ಕಿಲೋಗೂ ಮೇಲಿನ ಕಬ್ಬಿಣ. ಅದು ಯಾವ ಕಡೆಗೆ ಬೀಳುತ್ತದೆ ಎಂದು ಯಾರೂ ಖಚಿತವಾಗಿ ಹೇಳುವ ಹಾಗಿರಲಿಲ್ಲ. ಯಜಮಾನರು ಆಗಲೇ ಸ್ಪ್ಯಾನರ್ ಹಿಡಿದು ನಿಂತಿದ್ದರು. "ಹೋಸ್ ಬಿಚ್ಚಿಬಿಡೋಣ್ವಾ?" ಎಂದರು. ಬೇಡ ಎಂದೆ.

ಮನೆಯಿಂದ ಮರದ ದಿಮ್ಮಿಗಳನ್ನು ತರಿಸಿದೆವು. ಎರಡೂ ಬದಿಯ ಫಾಳಗಳ ಕೆಳಗೆ ಅಟ್ಟಿಯಾಗಿ ಜೋಡಿಸಿ ಕೈಯಗಲದ ಸಂದು ಬಿಟ್ಟೆವು. ಚೌಕಟ್ಟಿಗೆ ಸರಪಳಿ ಸುತ್ತಿ ಲಿಫ್ಟ್ ತೋಳಿಗೆ ಬಿಗಿದೆವು. ಆಮೇಲೆ ಲಿಫ್ಟ್ ಮೆಲ್ಲಗೆ ಇಳಿಸಿ ದಿಮ್ಮಿಯ ಮೇಲೆ ಕೂರಿಸಿ, ಕೀ ತೆಗೆದು ಯಜಮಾನರ ಜೇಬಿಗೆ ಹಾಕಿಸಿದೆ. ಹುಡುಗನಿಗೆ ಟ್ರ್ಯಾಕ್ಟರ್‌ನ ಲಿವರ್ ಎರಡೂ ಕಡೆಗೆ ನಾಲ್ಕು ಸಲ ಆಡಿಸಲು ಹೇಳಿದೆ. ಟ್ರ್ಯಾಕ್ಟರ್ ಕಡೆಯ ಒತ್ತಡ ಹೀಗೆ ಟ್ಯಾಂಕಿಗೆ ಇಳಿದುಬಿಡುತ್ತದೆ. ಇಷ್ಟರಲ್ಲೇ ಅರ್ಧ ಗಂಟೆ ಹೋಯಿತು.

ರಾಡ್ ಕಡೆಯ ಹೋಸ್ ಮುಟ್ಟಿದರೆ ಕಲ್ಲಿನ ಹಾಗೆ ಗಟ್ಟಿ ಇತ್ತು. ಲಿವರ್ ಆಡಿಸಿದ ಮೇಲೂ ಗಟ್ಟಿಯೇ. ಇನ್ನೊಂದು ಮೆತ್ತಗಾಗಿತ್ತು. ಅನುಮಾನ ಬಂದಿದ್ದು ಇಲ್ಲೇ. ಜೋಡಣೆ ಸರಿ ಇದ್ದರೆ ಎರಡೂ ಮೆತ್ತಗಾಗಬೇಕಿತ್ತು.

ಜಾಕ್ ತುದಿಯ ಅಡಾಪ್ಟರ್ ಸುತ್ತ ಡೀಸೆಲ್‌ನಲ್ಲಿ ಒರೆಸಿ, ದಪ್ಪ ಬಟ್ಟೆ ಸುತ್ತಿದೆ. ಕನ್ನಡಕ ಹಾಕಿಕೊಂಡು, ಮುಖ ಪಕ್ಕಕ್ಕೆ ಇಟ್ಟು ಸ್ಪ್ಯಾನರ್‌ನಲ್ಲಿ ನಟ್ಟನ್ನು ಕಾಲು ಸುತ್ತು ಸಡಿಲಿಸಿದೆ. ಬಟ್ಟೆಯೊಳಗೆ ಸೊಯ್ ಎಂದು ಎಣ್ಣೆ ಬಂತು. ನೇಗಿಲು ಬಲಗಡೆಗೆ ಅಲುಗಿ ದಿಮ್ಮಿಯ ಮೇಲೆ ಧಡ್ ಎಂದು ಕೂತಿತು. ಪಿಸ್ಟನ್ ಹಿಂದೆ ಒತ್ತಿ ಹಿಡಿದಿದ್ದ ಭಾರ ದಾರಿ ಸಿಕ್ಕ ಕೂಡಲೇ ಹೊರಬಂದಿತ್ತು. ದಿಮ್ಮಿ ಇಲ್ಲದೆ ಸುಮ್ನೆ ನಟ್ ಬಿಚ್ಚಿದ್ದರೆ ಏನಾಗುತ್ತಿತ್ತು ಎಂದು ಯಾರೂ ಮಾತಾಡಲಿಲ್ಲ. ಯಜಮಾನರು ತಮ್ಮ ಸ್ಪ್ಯಾನರ್ ಕೆಳಗಿಟ್ಟರು.

"ಪಂಪು ಹೋಗೈತೆ ಅಂತ ಊರಲ್ಲಿ ಅಂತಾರೆ. ಡಿಸಿ ವಾಲ್ವ್ ಅಂತಾನೂ ಅಂದ್ರು" ಎಂದರು. ಡಿಸಿ ವಾಲ್ವ್ ಎಂದರೆ ಲಿವರ್ ಹಾಕಿದ ಕಡೆಗೆ ಎಣ್ಣೆ ತಿರುಗಿಸುವ ವಾಲ್ವ್. ಅವರ ದನಿಯಲ್ಲಿ ಭಯ ಇತ್ತು. ಪಂಪು ಎಂದರೆ ಸಣ್ಣ ಖರ್ಚಲ್ಲ. ಎರಡೂ ಹೋಸ್ ಬಿಚ್ಚಿ, ಟ್ರ್ಯಾಕ್ಟರ್‌ನ ಒಂದೊಂದೇ ಹೆಣ್ಣು ಕಪ್ಲಿಂಗ್‌ಗೆ ನನ್ನ ಪ್ರೆಷರ್ ಗೇಜ್ ಸಿಕ್ಕಿಸಿ, ಎಂಜಿನ್ ಹಾಕಿ ಲಿವರ್ ಒಂದೆರಡು ಸೆಕೆಂಡ್ ಹಿಡಿಸಿದೆ. ಎರಡರಲ್ಲೂ ಮುಳ್ಳು 180ಕ್ಕೆ ಹೋಗಿ ನಿಂತಿತು. ಪಂಪು ಚೆನ್ನಾಗಿದೆ, ವಾಲ್ವ್ ಚೆನ್ನಾಗಿದೆ. ಯಜಮಾನರಿಗೆ ಅದನ್ನು ಮೊದಲು ಹೇಳಿದೆ.

ಉಳಿದದ್ದು ಗಂಡು ಕಪ್ಲಿಂಗ್‌ಗಳು. ಚೀಲದಲ್ಲಿ ಒಂದು ಬಿಡಿ ಹೆಣ್ಣು ಕಪ್ಲಿಂಗ್ ಇತ್ತು. ಒಳ್ಳೆಯ ಹೋಸ್‌ನ ಗಂಡನ್ನು ಅದಕ್ಕೆ ಸಿಕ್ಕಿಸಿ, ಟೈರಿಗೆ ಗಾಳಿ ಹೊಡೆಯುವ ಕಾಲು ಪಂಪಿನಿಂದ ಗಾಳಿ ಬಿಟ್ಟೆವು. ಆ ಕಡೆಯಿಂದಲೂ ಹೋಯಿತು, ಈ ಕಡೆಯಿಂದಲೂ ಹೋಯಿತು. ಈಗ ರಾಡ್ ಕಡೆಯ ಗಂಡು. ಅದೂ ಕ್ಲಿಕ್ ಎಂದೇ ಕೂತಿತು. ಟ್ರ್ಯಾಕ್ಟರ್ ಕಡೆಯಿಂದ ಗಾಳಿ ಬಿಟ್ಟರೆ ಹೋಸ್ ಒಳಗೆ ಹೋಯಿತು. ಹೋಸ್ ಕಡೆಯಿಂದ ಬಿಟ್ಟರೆ ಹೊರಗೆ ಬರಲಿಲ್ಲ. ಪಂಪಿನ ಕಾಲು ಅರ್ಧಕ್ಕೇ ನಿಂತಿತು.

ಎರಡು ಕಪ್ಲಿಂಗ್ ಪಕ್ಕ ಪಕ್ಕ ಇಟ್ಟು ಟಾರ್ಚ್ ಬಿಟ್ಟೆ. ಒಂದರ ಮಧ್ಯದ ಮೊಳೆ ನೆಟ್ಟಗೆ, ಚೂಪಾಗಿ ನಿಂತಿತ್ತು. ಇನ್ನೊಂದರದು ಎರಡು ಮಿಲಿಮೀಟರ್‌ನಷ್ಟು ಗಿಡ್ಡ. ತಲೆ ಅಣಬೆಯ ಹಾಗೆ ಚಪ್ಪಟೆ, ಒಂದು ಕಡೆಗೆ ವಾಲಿತ್ತು.

ಹುಡುಗ ಅದನ್ನು ನೋಡಿದ. ನಾನು ಕೇಳುವ ಮುಂಚೆಯೇ ಹೇಳಿದ. "ಅವತ್ತು ಬಿಸಿಲಿಗೆ ಹೋಗ್ಲೇ ಇಲ್ಲ ಅಣ್ಣಾ. ಕಲ್ಲಿನ ಮೇಲೆ ಇಟ್ಟು, ಮೊಳೆ ಮೇಲೆ ಬೋಲ್ಟ್ ಇಟ್ಟು ಕುಟ್ಟಿದೆ. ಎಣ್ಣೆ ಪಿಚಕಾರಿ ಥರ ಅಂಗಿ ಮೇಲೆ ಹಾರ್ತು. ಆಮೇಲೆ ಸಲೀಸಾಗಿ ಹೋಯ್ತು." ಮಾವನ ಮುಖ ನೋಡಿ ತಲೆ ತಗ್ಗಿಸಿದ. ಯಜಮಾನರು ಬೈಯಲಿಲ್ಲ. ನನ್ನ ಕಣ್ಣಿಗೆ ಅವನ ತಪ್ಪಿಗಿಂತ ಅವನು ಬಿಚ್ಚಿ ಹೇಳಿದ್ದೇ ದೊಡ್ಡದು. ಆ ಮಾತು ಬರದಿದ್ದರೆ ನಾವು ಹೊಸ ಕಪ್ಲಿಂಗ್ ಹಾಕುತ್ತಿದ್ದೆವು, ಮುಂದಿನ ಬಿಸಿಲಿಗೆ ಅದೂ ಕುಟ್ಟಿಸಿಕೊಳ್ಳುತ್ತಿತ್ತು.

ತೂಬಿನ ಗೂಟ

ಕಪ್ಲಿಂಗ್ ಎಂದರೆ ಎರಡು ಪೈಪ್ ಸೇರಿಸುವ ಬರೀ ಕೊಂಡಿ ಎಂದು ಬಹಳ ಜನ ತಿಳಿದಿದ್ದಾರೆ. ಅದರೊಳಗೆ ಎರಡು ಬಾಗಿಲಿವೆ. ನಮ್ಮ ಸೂಳೆಕೆರೆಯಲ್ಲಿ ಸಿದ್ಧನ ತೂಬು, ಬಸವನ ತೂಬು ಎಂದು ಎರಡಿವೆಯಲ್ಲ, ಹಾಗೆ ಎರಡು ತೂಬು ಎದುರುಬದುರು ಇಟ್ಟ ಹಾಗೆ ಎಂದುಕೊಳ್ಳಿ. ಹೆಣ್ಣಿನೊಳಗೆ ಒಂದು ಗೂಟ, ಗಂಡಿನೊಳಗೆ ಒಂದು ಗೂಟ. ಹುಡುಗ ಕುಟ್ಟಿದ ಮೊಳೆ ಈ ಗಂಡಿನ ಗೂಟದ ಮೊನೆಯೇ. ಎರಡನ್ನೂ ಹಿಂದಿನಿಂದ ಸ್ಪ್ರಿಂಗ್ ಒತ್ತಿ ತೂತು ಮುಚ್ಚಿರುತ್ತದೆ. ಬಿಚ್ಚಿದಾಗ ಎಣ್ಣೆ ಸುರಿಯದೇ ಇರುವುದು ಇದರಿಂದಲೇ. ಸಿಕ್ಕಿಸಿದಾಗ ಎರಡೂ ಗೂಟದ ಮೊನೆಗಳು ಒಂದನ್ನೊಂದು ಒತ್ತಿ ಎರಡೂ ಹಿಂದೆ ಸರಿಯುತ್ತವೆ, ದಾರಿ ತೆರೆಯುತ್ತದೆ.

ಕುಟ್ಟಿ ಗಿಡ್ಡವಾದ ಮೊನೆಗೆ ಅಷ್ಟು ಉದ್ದ ಇರಲಿಲ್ಲ. ಹೆಣ್ಣಿನ ಗೂಟ ಸರಿಯಿತು, ಗಂಡಿನದು ಸರಿಯಲಿಲ್ಲ. ಹೊರಗಿನ ಗುಂಡುಗಳು ಮಾತ್ರ ತೋಡಿನಲ್ಲಿ ಕೂತು ಕ್ಲಿಕ್ ಎಂದವು. ಟ್ರ್ಯಾಕ್ಟರ್‌ನಿಂದ ಎಣ್ಣೆ ಬರುವಾಗ ಗೂಟವನ್ನು ತಾನೇ ತಳ್ಳಿಕೊಂಡು ಒಳಗೆ ಹೋಗುತ್ತದೆ. ವಾಪಸ್ ಬರುವಾಗ ಅದೇ ಎಣ್ಣೆ ಗೂಟವನ್ನು ಇನ್ನೂ ಬಿಗಿಯಾಗಿ ಮುಚ್ಚುತ್ತದೆ. ಒಳಗೆ ಬಿಡುವ, ಹೊರಗೆ ಬಿಡದ ಬಾಗಿಲು.

ನೇಗಿಲಿನ ನಡವಳಿಕೆಗೆ ಇದನ್ನು ಹೊಂದಿಸಿ ನೋಡಿ. ಎಳೆಯುವಾಗ ರಾಡ್ ಕಡೆಗೆ ಎಣ್ಣೆ ಬರಬೇಕು, ಬಂತು. ಮಧ್ಯಕ್ಕೆ ಬಂದಿತು. ತಳ್ಳುವಾಗ ರಾಡ್ ಕಡೆಯ ಎಣ್ಣೆ ವಾಪಸ್ ಹೋಗಬೇಕು, ಹೋಗಲಿಲ್ಲ. ಅಡ್ಡ ನಿಂತಿತು.

ಹಾಗಿದ್ದರೂ ಹೋಸ್ ಒಡೆದದ್ದೇಕೆ? ರಿಲೀಫ್ ವಾಲ್ವ್ ಇದೆಯಲ್ಲ? ಈ ಲೆಕ್ಕ ನನಗೂ ಆ ಸಂಜೆ ಹೊಲದ ಬದುವಿನಲ್ಲಿ ಕೂತು ಬರೆದ ಮೇಲೇ ಪೂರ್ತಿ ಹೊಳೆದದ್ದು. ಜಾಕ್ ಒಳಅಗಲ 63 ಮಿಲಿಮೀಟರ್, ರಾಡ್ 35 ಮಿಲಿಮೀಟರ್. ಪಿಸ್ಟನ್‌ನ ಪೂರ್ತಿ ಮುಖ ಸುಮಾರು 31 ಚದರ ಸೆಂಟಿಮೀಟರ್. ರಾಡ್ ಕಡೆ ನಡುವಿನ ಜಾಗವನ್ನು ರಾಡ್ ತಿಂದುಬಿಡುವುದರಿಂದ ಉಳಿಯುವುದು 21.5 ಮಾತ್ರ. ಹಿಂದಿನಿಂದ 180 ಬಾರ್ ಒತ್ತಿದರೆ ಐದೂವರೆ ಟನ್‌ಗೂ ಜಾಸ್ತಿ ಬಲ. ಮುಂದೆ ದಾರಿ ಇಲ್ಲದ ಎಣ್ಣೆ ಅಷ್ಟೂ ಬಲವನ್ನು ಚಿಕ್ಕ ಜಾಗದಲ್ಲಿ ತಡೆಯಬೇಕು. 180ನ್ನು 31ರಿಂದ ಗುಣಿಸಿ 21.5ರಿಂದ ಭಾಗಿಸಿ: 260 ಬಾರ್ ಹತ್ತಿರ. ಟ್ರ್ಯಾಕ್ಟರ್‌ನ ರಿಲೀಫ್ ವಾಲ್ವ್ ಗೂಟದ ಆಚೆ ಕಡೆ ಇದೆ. ಈಚೆ 260 ಆಗಿರುವ ಸುದ್ದಿ ಅದಕ್ಕೆ ಮುಟ್ಟುವುದೇ ಇಲ್ಲ.

160ರ ಹಳೇ ಹೋಸ್ 260ಕ್ಕೆ ಸೋತಿತು. ನಾನು ಹಾಕಿದ 275ರ ಹೋಸ್ ತಡೆದುಕೊಂಡಿತು. ಹೋಸ್ ತಡೆದುಕೊಂಡಿದ್ದರಿಂದ ಪೆಟ್ಟು ಮುಂದಿನ ದುರ್ಬಲ ಜಾಗಕ್ಕೆ, ಅಂದರೆ ಜಾಕ್ ಬಾಯಿಯ ರಾಡ್ ಸೀಲ್‌ಗೆ ಹೋಯಿತು. ನನ್ನ ಗಟ್ಟಿ ಹೋಸ್ ರೋಗವನ್ನು ವಾಸಿ ಮಾಡಲಿಲ್ಲ, ಜಾಗ ಬದಲಿಸಿತು.

ಬಿಸಿಲು ಮಾಡಿದ ಕೆಲಸ

ಇನ್ನು ಮೊದಲ ದಿನದ ಮಧ್ಯಾಹ್ನ. ಕಪ್ಲಿಂಗ್ ಯಾಕೆ ಹೋಗಲಿಲ್ಲ?

ಬಿಚ್ಚುವಾಗ ಲಿವರ್ ಆಡಿಸಲಿಲ್ಲವಾದ್ದರಿಂದ ಜಾಕ್, ಹೋಸ್ ಒಳಗೆ ಸ್ವಲ್ಪ ಒತ್ತಡ ಹಾಗೇ ಉಳಿದಿತ್ತು. ಅದರ ಮೇಲೆ ಬಿಸಿಲು. ಏಪ್ರಿಲ್‌ನಲ್ಲಿ ಇಲ್ಲಿ 38 ಡಿಗ್ರಿ ಹೊಸದಲ್ಲ, ಬಿಸಿಲಿಗೆ ಬಿದ್ದ ಕಬ್ಬಿಣ ಅದಕ್ಕಿಂತ ಬಹಳ ಜಾಸ್ತಿ ಕಾಯುತ್ತದೆ. ಎಣ್ಣೆ ಕಾದರೆ ಹಿಗ್ಗುತ್ತದೆ. ಹಿಗ್ಗಲು ಜಾಗವೇ ಇಲ್ಲದ ಗಟ್ಟಿ ಕಬ್ಬಿಣದೊಳಗಾದರೆ ಒಂದು ಡಿಗ್ರಿಗೆ ಸರಿಸುಮಾರು 10 ಬಾರ್ ಏರುತ್ತದೆ. ಹೋಸ್ ತಾನೂ ಸ್ವಲ್ಪ ಹಿಗ್ಗುವುದರಿಂದ ಅಷ್ಟು ಆಗುವುದಿಲ್ಲ. ಆದರೂ ಬೆಳಗಿನಿಂದ ಮಧ್ಯಾಹ್ನದೊಳಗೆ ಕೆಲವು ಹತ್ತು ಬಾರ್ ಏರುವುದು ಕಷ್ಟವಲ್ಲ. ಗೂಟದ ಮುಖದ ವಿಸ್ತೀರ್ಣ ಒಂದು ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಒಂದು ಬಾರ್‌ಗೆ ಒಂದು ಕಿಲೋ ಲೆಕ್ಕ. 60 ಬಾರ್ ಇದ್ದರೆ 60 ಕಿಲೋ ತೂಕವನ್ನು ಬೆರಳಿನ ದಪ್ಪದ ಮೊಳೆಯ ಮೇಲೆ ಅಂಗೈಯಿಂದ ಒತ್ತಬೇಕು. ಎಷ್ಟು ಬಲವಾದ ಹುಡುಗನಿಗೂ ಆಗದ ಕೆಲಸ.

ಅವನಿಗೆ ಇದನ್ನು ಹೇಳಿದಾಗ "ತುಕ್ಕು ಹಿಡಿದೈತೆ ಅಂದ್ಕೊಂಡೆ ಅಣ್ಣಾ" ಎಂದ. ಕುಟ್ಟಿದಾಗ ಎಣ್ಣೆ ಹಾರಿದ್ದು ಅಂಗಿಗೆ. ಅದು ಕಣ್ಣಿಗೆ ಹಾರಬಹುದಿತ್ತು, ಬೋಲ್ಟ್ ಹಿಡಿದ ಬೆರಳಿನೊಳಗೇ ಹೋಗಬಹುದಿತ್ತು.

ಸರಿಪಡಿಸಿದ್ದು

ಜಾಕ್ ಬಿಚ್ಚಿ ಅಂಗಡಿಗೆ ತಂದೆವು. ರಾಡ್ ಸೀಲ್ ತುಟಿ ಹರಿದು ಹೊರಗೆ ಮಡಚಿಕೊಂಡಿತ್ತು. ಪೂರ್ತಿ ಸೀಲ್ ಕಿಟ್ ಹಾಕಿದೆ, ಮಣ್ಣು ಒರೆಸುವ ವೈಪರ್ ಕೂಡ. ರಾಡ್ ಮೇಲೆ ಉಗುರಿಗೆ ತಗಲುವ ಒಂದು ಗೀರು ಇತ್ತು. ಸಣ್ಣ ಎಣ್ಣೆಕಲ್ಲಿನಲ್ಲಿ ಅಂಚು ಸವರಿದೆ, ಅದಕ್ಕಿಂತ ಜಾಸ್ತಿ ಮಾಡಲಿಲ್ಲ.

ಗಂಡು ಕಪ್ಲಿಂಗ್ ಎರಡನ್ನೂ ಹೊಸದು ಮಾಡಿದೆ. ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಟ್ರ್ಯಾಕ್ಟರ್‌ಗಳಲ್ಲಿ ಸಾಮಾನ್ಯವಾಗಿ ಬರುವುದು ಅರ್ಧ ಇಂಚಿನ ಐಎಸ್‌ಒ 7241 ಎ ನಮೂನೆ. ಬಿ ನಮೂನೆಯದು ನೋಡಲು ಹತ್ತಿರ ಹತ್ತಿರ ಹಾಗೇ ಇರುತ್ತದೆ, ಎ ಜೊತೆ ಕೂರುವುದಿಲ್ಲ. ಹಳೆಯದನ್ನು ಜೊತೆಗೆ ಒಯ್ದು ಹೊಂದಿಸಿ ನೋಡಿಯೇ ತರುವುದು ಒಳ್ಳೆಯದು. ಥ್ರೆಡ್ ವಿಷಯವೂ ಅಷ್ಟೇ. ಬಿಎಸ್‌ಪಿ, ಎನ್‌ಪಿಟಿ ಎಂದು ಪೈಪ್ ಥ್ರೆಡ್‌ನಲ್ಲಿ ಎರಡು ನಮೂನೆ. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಎಳೆ. ಹಾಗಾಗಿ ಒಂದೆರಡು ಸುತ್ತು ಒಂದಕ್ಕೊಂದು ಹತ್ತುತ್ತವೆ. ಆದರೆ ಎಳೆಯ ಕೋನ ಒಂದರದು 55 ಡಿಗ್ರಿ, ಇನ್ನೊಂದರದು 60. ಟೇಪ್ ಸುತ್ತಿ ಬಿಗಿದು ಸೋರಿಕೆ ನಿಂತಿತು ಎಂದುಕೊಳ್ಳುತ್ತಾರೆ, ಕೆಲಸದ ಒತ್ತಡ ಬಂದಾಗ ಎಳೆಯೇ ಕಿತ್ತು ಬರುತ್ತದೆ. ಈ ನೇಗಿಲಿನ ಬಾಯಿ ಬಿಎಸ್‌ಪಿ. ಅಡಾಪ್ಟರ್‌ಗೆ ಡೌಟಿ ವಾಷರ್ (ಒಳಅಂಚಿಗೆ ರಬ್ಬರ್ ಇರುವ ಲೋಹದ ವಾಷರ್) ಹಾಕಿದೆ, ಟೇಪ್ ಎಲ್ಲೂ ಸುತ್ತಲಿಲ್ಲ. ಟೇಪಿನ ಚೂರು ಹರಿದು ವಾಲ್ವ್ ಒಳಗೆ ಹೋದರೆ ಅದೇ ಇನ್ನೊಂದು ಪ್ರಕರಣವಾಗುತ್ತದೆ.

ಇನ್ನೊಂದು ಹೋಸ್ ಕೂಡ 1ಎಸ್‌ಎನ್ ಆಗಿತ್ತು, ಅದನ್ನೂ ಬದಲಿಸಿದೆ. ಅಳತೆ ತೆಗೆಯುವಾಗ ನೇಗಿಲನ್ನು ಎರಡೂ ಕಡೆಗೆ ಮಗುಚಿ ನೋಡಿ ತೆಗೆದೆ. ಪಲ್ಟಿ ನೇಗಿಲಿನಲ್ಲಿ ಹೋಸ್ ತಾನೂ ಸುತ್ತು ಬರುತ್ತದೆ. ಗಿಡ್ಡವಾದರೆ ಎಳೆಯುತ್ತದೆ, ಉದ್ದವಾದರೆ ಟಾಪ್ ಲಿಂಕ್ (ನೇಗಿಲನ್ನು ಟ್ರ್ಯಾಕ್ಟರ್‌ಗೆ ಜೋಡಿಸುವ ಮೇಲಿನ ತೋಳು) ಸಂದಿಗೆ ಸಿಕ್ಕಿ ಕತ್ತರಿಸುತ್ತದೆ. ಅರ್ಧ ಇಂಚಿನ 2ಎಸ್‌ಎನ್ ಅನ್ನು 18 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಬಾರದು. ಫಿಟ್ಟಿಂಗ್ ಬುಡದಿಂದಲೇ ಬಗ್ಗಿಸುವುದು ಬೇಡವೇ ಬೇಡ. ಬಿಗಿಯುವಾಗ ಹೋಸ್ ಮೇಲಿನ ಬರಹದ ಗೆರೆ ನೆಟ್ಟಗಿದೆಯಾ ನೋಡಿಕೊಂಡೆ. ಗೆರೆ ಬಳ್ಳಿಯ ಹಾಗೆ ಸುತ್ತಿದ್ದರೆ ಹೋಸ್ ತಿರುಚಿದೆ ಎಂದರ್ಥ. ಅಂಥದ್ದು ಬೇಗ ಸೋಲುತ್ತದೆ. ರಾಡ್ ಕಡೆಯ ಜೋಡಿಗೆ ಕೆಂಪು ಟೇಪ್, ಪಿಸ್ಟನ್ ಕಡೆಯದಕ್ಕೆ ಹಳದಿ, ಟ್ರ್ಯಾಕ್ಟರ್ ಕಪ್ಲಿಂಗ್ ಮೇಲೂ ಅದೇ ಬಣ್ಣ.

ಎಣ್ಣೆಯ ವಿಷಯ ಯಜಮಾನರಿಗೆ ಗೊತ್ತಿರಲಿಲ್ಲ. ಅವರ ಟ್ರ್ಯಾಕ್ಟರ್‌ನಲ್ಲಿ ಗೇರ್ ಬಾಕ್ಸ್‌ಗೂ ಹೈಡ್ರಾಲಿಕ್‌ಗೂ ಒಂದೇ ಎಣ್ಣೆ. ಕಪ್ಲಿಂಗ್ ಬಾಯಿಯಲ್ಲಿ ಕೂತ ಒಂದು ಚಿಟಿಕೆ ಎರೆ ಮಣ್ಣು ಜಾಕ್‌ಗೆ ಹೋಗಿ ಅಲ್ಲಿಗೇ ನಿಲ್ಲುವುದಿಲ್ಲ, ವಾಪಸ್ ಟ್ರ್ಯಾಕ್ಟರ್ ಹೊಟ್ಟೆಗೇ ಬರುತ್ತದೆ. ರಬ್ಬರ್ ಟೋಪಿ ನಾಲ್ಕೂ ಹೊಸದು ಹಾಕಿದೆ. ಜಾಕನ್ನು ಒಳಕ್ಕೆ ಎಳೆದಿಟ್ಟು ಮಟ್ಟ ನೋಡಿ, ಎರಡು ಸಲ ಸೋರಿಹೋದಷ್ಟು ಎಣ್ಣೆ ಟ್ರ್ಯಾಕ್ಟರ್‌ಗೆ ತುಂಬಿಸಿದೆವು. ಮೊದಲ ಸಲ ಮಗುಚಿದ್ದು ಬರೀ ಐಡಲ್‌ನಲ್ಲಿ, ಎಲ್ಲರನ್ನೂ ಹತ್ತು ಹೆಜ್ಜೆ ದೂರ ನಿಲ್ಲಿಸಿ. ಗಾಳಿ ಹೋಗುವ ತನಕ ಮೂರು ನಾಲ್ಕು ಸಲ ನಡುಗುತ್ತಾ ತಿರುಗಿತು. ಆಮೇಲೆ ನಯವಾಗಿ ಮಗುಚಿತು.

ನಂತರ ಬಿಚ್ಚಿ ಸಿಕ್ಕಿಸುವುದನ್ನು ಹುಡುಗನಿಂದಲೇ ಐದು ಸಲ ಮಾಡಿಸಿದೆ. ನೇಗಿಲು ನೆಲಕ್ಕೆ ಇಳಿಸು. ಎಂಜಿನ್ ಆಫ್. ಲಿವರ್ ಎರಡೂ ಕಡೆ ಆಡಿಸು, ಹೋಸ್ ಮೆತ್ತಗಾಯಿತಾ ಕೈಯಿಂದ ಒತ್ತಿ ನೋಡು. ಆಮೇಲೆ ಎಳೆ, ಕೂಡಲೇ ಟೋಪಿ ಹಾಕು. ಸಿಕ್ಕಿಸುವಾಗ ಎರಡೂ ಬಾಯಿ ಒರೆಸು, ನೇರವಾಗಿ ಒತ್ತು, ಕ್ಲಿಕ್ ಆದ ಮೇಲೆ ಹಿಂದಕ್ಕೆ ಎಳೆದು ನೋಡು. ಒಂದೇ ಕಡೆಗೆ ಕೆಲಸ ಮಾಡಿ ಇನ್ನೊಂದು ಕಡೆಗೆ ನಿಂತರೆ ರೇಸ್ ಕೊಡಬೇಡ, ಅಲ್ಲೇ ನಿಲ್ಲಿಸು. ಹೋಗದಿದ್ದರೆ ಕುಟ್ಟಬೇಡ. ನೇಗಿಲು ನೆಲದ ಮೇಲೆ ಭದ್ರವಾಗಿದ್ದರೆ ಹೋಸ್, ಜಾಕ್‌ಗೆ ಒದ್ದೆ ಗೋಣಿಚೀಲ ಹೊದಿಸಿ ಅರ್ಧ ಗಂಟೆ ನೆರಳು ಮಾಡಿ ನೋಡು. ಆಗಲೂ ಆಗದಿದ್ದರೆ ನನಗೆ ಫೋನ್ ಮಾಡು. ಐದನೇ ಸಲ ನಾನು ಬಾಯಿ ತೆರೆಯುವ ಮುಂಚೆಯೇ ಅವನ ಕೈ ಲಿವರ್ ಮೇಲಿತ್ತು.

ನನ್ನ ಅಂಗಡಿಯಲ್ಲೂ ಒಂದು ಬದಲಾವಣೆ ಆಯಿತು. ಒಡೆದ ಹೋಸ್ ತಂದವರಿಗೆ ಈಗ ಮೊದಲು ಕೇಳುವುದು ಅಳತೆಯನ್ನಲ್ಲ. ಒಡೆಯುವಾಗ ಏನು ಮಾಡುತ್ತಿದ್ದಿರಿ, ಯಾವ ಕಡೆಗೆ ತಿರುಗುತ್ತಿತ್ತು, ಎಲ್ಲಿ ನಿಂತಿತು ಎಂದು ಕೇಳುತ್ತೇನೆ. ತುದಿಯ ಕಪ್ಲಿಂಗ್‌ಗೆ ಟಾರ್ಚ್ ಬಿಟ್ಟು, ಬಿಡಿ ಹೆಣ್ಣಿಗೆ ಸಿಕ್ಕಿಸಿ, ಎರಡೂ ಕಡೆಯಿಂದ ಗಾಳಿ ಬಿಟ್ಟು ನೋಡುತ್ತೇನೆ. ಎರಡು ನಿಮಿಷ ಹಿಡಿಯುತ್ತದೆ. ಬೇಸಿಗೆಯಲ್ಲಿ ಹಾಗೆ ನೋಡಿದ ಇನ್ನೂ ಕೆಲವು ಕಪ್ಲಿಂಗ್‌ಗಳ ಮೊನೆ ಕುಟ್ಟಿದ್ದೇ ಆಗಿತ್ತು.

ಆ ಮೊದಲ ಹೋಸ್‌ನ ಕ್ರಿಂಪ್ ಕೂಲಿಯನ್ನು ಯಜಮಾನರಿಗೆ ವಾಪಸ್ ಕೊಟ್ಟೆ. ಬೇಡ ಎಂದರು, ಬಲವಂತವಾಗಿ ಕೊಟ್ಟೆ. ಉಳುಮೆ ಮುಗಿದು ಮೆಕ್ಕೆಜೋಳ ಬಿತ್ತಿಯೂ ಆಯಿತು. ಜುಲೈನಲ್ಲಿ ಆ ಕಡೆ ಹೋದಾಗ ನೇಗಿಲು ಅವರ ಮನೆ ಪಕ್ಕದ ತಗಡಿನ ಶೆಡ್ಡಿನ ನೆರಳಿನಲ್ಲಿತ್ತು. ಕಪ್ಲಿಂಗ್‌ಗಳಿಗೆ ಟೋಪಿ ಹಾಕಿತ್ತು, ಹೋಸ್ ಮೆತ್ತಗಿತ್ತು. ರಾಡ್ ಮೇಲೆ ಗೀರು ಇದ್ದ ಜಾಗದಲ್ಲಿ ಬೆರಳಿಗೆ ತುಸು ಎಣ್ಣೆ ಹತ್ತಿತು. ಹನಿಯುವಷ್ಟಿಲ್ಲ. ಮುಂದಿನ ಬೇಸಿಗೆಯ ಒಳಗೆ ರಾಡ್‌ಗೆ ಕ್ರೋಮ್ ಮಾಡಿಸಬೇಕಾಗುತ್ತದೆ ಎಂದು ಯಜಮಾನರಿಗೆ ಹೇಳಿ ಬಂದಿದ್ದೇನೆ.